ಸಾರಿಸಿದ ನೆಲ

ತುಕ್ಕಾನಟ್ಟಿಯ ಕಾಶೆವ್ವನಿಗೆ ಎಲ್ಲದಕ್ಕೂ ಹೇಸಿಗೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಾರಾದರೂ ತಂಬಿಗೆಗೆ ತುಟಿ ಹಚ್ಚಿ ನೀರು ಕುಡಿದರೆ ಅದಕ್ಕೆ ಹುಣಸೆಹಣ್ಣು ಹಾಕಿ ಕೈ ಸೋಲುವವರೆಗೆ ತಿಕ್ಕುವಳು. ಓಣಿಯಲ್ಲಿ ಯಾರೋ ಕ್ಯಾಕರಿಸಿದ್ದು ಕೇಳಿದರೆ ಅರ್ಧ ರೊಟ್ಟಿ ಬಿಟ್ಟು ಏಳುವಳು. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಹೊಲ, ಎತ್ತು, ಮನೆ ಎಲ್ಲವನ್ನೂ ಒಬ್ಬಳೇ ಸಂಭಾಳಿಸಿದ ಹೆಂಗಸು. ನೆಲಕ್ಕೆ ಸೆಗಣಿ ಸಾರಿಸದೆ ಒಂದು ದಿನವೂ ಒಲೆ ಹೊತ್ತಿಸಿದವಳಲ್ಲ. ಇಂಥವಳ ಮನೆಗೇ ದುಂಡಪ್ಪ ಹೊಕ್ಕ.

ದುಂಡಪ್ಪ ಊರ ಗೌಡನ ಹೆಂಡತಿಯ ತಮ್ಮ. ತಲೆಗೆ ಜರಿಯ ರುಮಾಲು, ಬಾಯಲ್ಲಿ ಸದಾ ತಂಬಾಕು, ಕೈಗೆ ಕೆಲಸವಿಲ್ಲ. ಅಕ್ಕನ ಮನೆಯ ಕೂಳು ತಿಂದು ಕೊಬ್ಬಿದ ದೇಹ.

ಅಂದು ಶ್ರಾವಣ ಸೋಮವಾರ. ಎತ್ತು ಹೂಡುವಂತಿಲ್ಲವೆಂದು ಮಂದಿಯೆಲ್ಲ ಕಳೆ ತೆಗೆಯಲು ಹೋಗಿದ್ದರು. ಸಂಜೆ ಮಠದ ಅಯ್ಯನವರು ಕಾಶೆವ್ವನ ಮನೆಗೆ ಪಾದಪೂಜೆಗೆ ಬರುವವರಿದ್ದರು. ಹೂರಣಕ್ಕೆ ಬೇಳೆ ಬೇಯಿಸಬೇಕೆಂದು ಅವಳು ಮಧ್ಯಾಹ್ನವೇ ಹೊಲದಿಂದ ಬಂದಳು. ನೋಡಿದರೆ ಹಿತ್ತಲ ಬಾಗಿಲ ಚಿಲಕ ಕಿತ್ತುಬಂದಿತ್ತು. ಒಳಗೆ ದೇವರ ಜಗುಲಿಯ ಮುಂದೆ ದುಂಡಪ್ಪ ಕುಕ್ಕರಗಾಲಲ್ಲಿ ಕೂತು, ಬೆಳ್ಳಿಯ ಡಾಬು ಇಟ್ಟಿದ್ದ ಗಡಿಗೆಯಲ್ಲಿ ಮೊಣಕೈತನಕ ಕೈ ಇಳಿಬಿಟ್ಟಿದ್ದ. ಪಕ್ಕದಲ್ಲೇ ತಂಬಾಕು ಉಗುಳಿದ್ದ. ಕಳ್ಳನನ್ನು ಕಂಡದ್ದಕ್ಕಿಂತ ಆ ಉಗುಳು ಕಂಡೇ ಅವಳ ಹೊಟ್ಟೆ ತೊಳಸಿತು.

"ಏಳೋ ಭಾಡ್ಯಾ!" ಎಂದು ಚೀರಿದಳು.

ಅವನು ಗೋಡೆಯಲ್ಲಿದ್ದ ಅವಳದೇ ಕುಡುಗೋಲು ಹಿರಿದು, "ಬಾಯಿ ಮಾಡಿದರ ಕುತ್ತಿಗಿ ಕೊಯ್ತೇನಿ" ಎನ್ನುತ್ತ ಮೇಲೆ ಬಂದ. ಅವಳ ಕೈಗೆ ಸಿಕ್ಕಿದ್ದು ಒನಕೆ. ಒಂದು ಏಟಿಗೆ ಕುಡುಗೋಲು ಹಾರಿತು, ಇನ್ನೊಂದಕ್ಕೆ ಮೊಣಕಾಲು ಮುರಿಯಿತು. ಬೀಳುವಾಗ ಒರಳಿಗೆ ಬಡಿದು ತಲೆ ಒಡೆದು, ರಕ್ತ ಜಗುಲಿಯತನಕ ಹರಿಯಿತು.

ಚೀರಾಟ ಕೇಳಿ ಬಾಜೂ ಮನೆಯ ಉದ್ದವ್ವ ಓಡಿಬಂದಳು. ಒಳಗೆ ಬಿದ್ದವನನ್ನು ಕಣ್ಣಾರೆ ಕಂಡಳು.

"ಯಕ್ಕಾ, ಅಯ್ಯಾರು ಬರೂ ಹೊತ್ತಾತು. ದೇವರ ಮುಂದ ಇದೇನ ಹೊಲಸ!" ಎಂದವಳೂ ಅವಳೇ.

ಇಬ್ಬರೂ ಸೇರಿ ಅವನ ರಟ್ಟೆ ಹಿಡಿದು ಓಣಿಗೆ ಎಳೆದು ಹಾಕಿದರು. ರಕ್ತ ತೊಳೆದು, ಮಣ್ಣು ಕೆರೆದು, ಸೆಗಣಿ ಕಲಸಿ ಒಂದಕ್ಕೆರಡು ಸಲ ಸಾರಿಸಿದರು. ಕುಡುಗೋಲನ್ನೂ ತೊಳೆದು ಗೋಡೆಗೆ ಸಿಕ್ಕಿಸಿದರು. ಗೌಡನ ಆಳುಗಳು ದುಂಡಪ್ಪನನ್ನು ಹೊತ್ತೊಯ್ದರು. ಅಯ್ಯನವರು ಬಂದು, ಪಾದಪೂಜೆ ಮಾಡಿಸಿಕೊಂಡು, ಹೋಳಿಗೆ ಉಂಡು ಹೋದರು.

ಮರುದಿನ ಗೋಕಾಕದಿಂದ ಫೌಜದಾರ ಬಂದ. ದಾರಿಯಲ್ಲಿ ಹೋಗುತ್ತಿದ್ದ ತನ್ನನ್ನು ಹಳೆಯ ಸಿಟ್ಟಿಗೆ ಕಾಶೆವ್ವ ಬಡಿದಳೆಂದು ದುಂಡಪ್ಪ ಫಿರ್ಯಾದಿ ಬರೆಸಿದ್ದ. ಫೌಜದಾರನಿಗೆ ಓಣಿಯ ಧೂಳಿನಲ್ಲಿ ರಕ್ತ ಸಿಕ್ಕಿತು. ಕಾಶೆವ್ವನ ಮನೆಯೊಳಗೆ ಸಿಕ್ಕಿದ್ದು ಥಳಥಳಿಸುವ ನೆಲ ಮತ್ತು ಜಗುಲಿಯ ಮುಂದಿನ ರಂಗೋಲಿ. ಚಿಲಕ ತೋರಿಸಿದರೆ, ನೀನೇ ಕಿತ್ತಿರಬೇಕು ಎಂದ.

ಗೋಕಾಕದ ವಕೀಲ ಬಾಪುಸಾಹೇಬರು ಎಲ್ಲ ಕೇಳಿ ಹಣೆ ಒತ್ತಿಕೊಂಡರು.

"ನೋಡವಾ ಕಾಶೆವ್ವಾ, ಮನಿ ಹೊಕ್ಕು ಕುಡುಗೋಲ ಎತ್ತಿದವನ್ನ ಬಡ್ಯಾಕ ಕಾಯ್ದೇದಾಗ ನಿನಗ ಹಕ್ಕ ಐತಿ. ಖರೆ, ಅವ ಒಳಗ ಬಂದಿದ್ದ ಅಂತ ತೋರಸೂ ಭಾರಾನೂ ನಿಂದ. ಗುರುತ ಎಲ್ಲೈತಿ?"

"ಗುರುತ ಅಂತ ಹೊಲಸ ಇಟ್ಕೊಂಡ ಕುಂದರ್ಲೇನ್ರಿ ಸಾಹೇಬ್ರ? ದೇವರ ಮುಂದ?"

"ಇಟ್ಕೊಂಡಿದ್ದರ ಪಾರಾಕ್ಕಿದ್ದಿ. ಈಗ ಕಂಡವ್ರು ಯಾರರ ಹೇಳಬೇಕ."

ಕಂಡವಳು ಉದ್ದವ್ವ ಒಬ್ಬಳೇ. ಅವಳ ಗಂಡ ಗೌಡನ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಕೋರ್ಟಿನಲ್ಲಿ ಅವಳು ಸೆರಗು ಹೊದ್ದು, ಕಾಶೆವ್ವನ ಕಡೆ ತಿರುಗದೆ, "ನಾ ಏನೂ ಕಂಡಿಲ್ಲರಿ. ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ನಿ" ಎಂದಳು. ಅಂದು ಕಾಶೆವ್ವನ ಜೊತೆ ಸೆಗಣಿ ಕಲಸಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಕಾಶೆವ್ವನಿಗೆ ವಾಕರಿಕೆ ಬಂತು. ದುಂಡಪ್ಪ ಕಳ್ಳ, ಕಳ್ಳನ ಕೆಲಸ ಮಾಡಿದ. ಇವಳಿಗೇನು ಬಂದಿತ್ತು ಧಾಡಿ?

ಆರು ತಿಂಗಳ ಸಜೆಯಾಯಿತು. ಜೈಲಿನಲ್ಲಿ ಯಾರೋ ಉಂಡ ತಟ್ಟೆ, ಯಾರೋ ಹೊದ್ದ ಕಂಬಳಿ, ಮೂಗು ಮುಚ್ಚಿದರೂ ತಡೆಯದ ಪಾಯಖಾನೆ. ಮೊದಲ ವಾರ ಅವಳ ಹೊಟ್ಟೆಯಲ್ಲಿ ಅನ್ನ ನಿಲ್ಲಲಿಲ್ಲ. ಆಮೇಲೆ ನಿಂತಿತು. ಆದರೆ ಕಟಕಟೆಯಲ್ಲಿ ನಿಂತ ಉದ್ದವ್ವ ನೆನಪಾದಾಗಲೆಲ್ಲ ತುತ್ತು ಗಂಟಲಲ್ಲೇ ತಿರುಗುತ್ತಿತ್ತು.

ಬಿಡುಗಡೆಯಾಗಿ ಬಂದಾಗ ಮನೆಯ ನೆಲ ಬಿರಿದು, ಇಲಿ ಹಿಕ್ಕೆ ತುಂಬಿತ್ತು. ಅವಳು ಪೊರಕೆ ಹಿಡಿಯುವಷ್ಟರಲ್ಲಿ ಸೆಗಣಿಯ ಬುಟ್ಟಿ ಹೊತ್ತು ಉದ್ದವ್ವ ಬಂದಳು. ಜಗುಲಿಯ ಮುಂದೆ ಕೂತು ಸಾರಿಸತೊಡಗಿದಳು. ಕಣ್ಣೀರು ಮೂಗಿನ ತುದಿಗೆ ಬಂದಿತ್ತು.

"ಯಕ್ಕಾ, ಹೊಲಾ ಕಸ್ಕೊಂತಾರಂತ ಹೆದರಿಕಿ ಆತು. ಹೊಟ್ಟಿಗೆ ಹಾಕ್ಕೋ" ಎಂದಳು.

ಕಾಶೆವ್ವ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ.

"ಸಾಕು. ಕೈ ತೊಳ್ಕೊಂಡ ಮನಿಗಿ ಹೋಗ" ಎಂದಳು.

ಉದ್ದವ್ವ ಕ್ಷಮೆ ಸಿಕ್ಕಿತೆಂದುಕೊಂಡು ಕಣ್ಣೊರೆಸಿಕೊಳ್ಳುತ್ತ ಹೋದಳು. ಕಾಶೆವ್ವ ಕುರ್ಪಿ ತಂದು, ಉದ್ದವ್ವ ಸಾರಿಸಿದ ಹಸಿ ಸೆಗಣಿಯನ್ನು ತಳದ ಮಣ್ಣು ಸಮೇತ ಕೆರೆದು ತೆಗೆದಳು. ಅದನ್ನು ಮೊರದಲ್ಲಿ ಹೊತ್ತು, ಅಂದು ದುಂಡಪ್ಪನನ್ನು ಎಳೆದು ಹಾಕಿದ್ದ ಜಾಗದಲ್ಲಿ ಸುರಿದು ಬಂದಳು. ಆಮೇಲೆ ದನ ಹೋಗುವ ದಾರಿಯಲ್ಲಿ ತಾನೇ ಹಸಿ ಸೆಗಣಿ ಬಳಿದು ತಂದು ಮೊದಲಿನಿಂದ ಸಾರಿಸಿದಳು.