ಅಕ್ಕನ ಕರೆಂಟು ಗಿಟಾರು

ಮೊನ್ನೆ ಶಿವಮೊಗ್ಗದ ಗೋಪಾಳ ಬಡಾವಣೆಯ ಒಂದು ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಮೊಮ್ಮಗಳ ಗಿಟಾರಿನ ಒಳಗೆ ಯಾವುದೋ ವೈರು ಬಿಟ್ಟುಹೋಗಿತ್ತು. ಅವಳಿಗೆ ಕಾಲೇಜು, ಅವಳ ಅಪ್ಪ ಅಮ್ಮನಿಗೆ ಆಫೀಸು. ಮನೆಯಲ್ಲಿ ಪುರುಸೊತ್ತಾಗಿರುವವಳು ನಾನೊಬ್ಬಳೇ ಎಂದು ಎಲ್ಲರೂ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅಂಗಡಿಯವನು ಬೆಸುಗೆಯ ಕಡ್ಡಿ ಕಾಯಿಸಿ ರಾಳಕ್ಕೆ ಮುಟ್ಟಿಸಿದ. ಸುರ್ ಎಂದು ಹೊಗೆ ಎದ್ದಿತು. ಆ ವಾಸನೆ ನನಗೆ ಎಷ್ಟು ಇಷ್ಟವೆಂದರೆ, ನಾಚಿಕೆ ಬಿಟ್ಟು ಮುಂದೆ ಬಾಗಿ ಮೂಸಿದೆ.

"ಅಜ್ಜಿ, ಸ್ವಲ್ಪ ದೂರ ಕೂತ್ಕೊಳ್ಳಿ. ಇದು ಎಲೆಕ್ಟ್ರಿಕ್ ಗಿಟಾರು. ನಿಮ್ ಕಾಲ್ದಲ್ಲಿ ಇದೆಲ್ಲ ಎಲ್ಲಿತ್ತು?" ಎಂದ ಅವನು.

ನನ್ನ ಕಾಲದಲ್ಲಿ ಏನಿತ್ತು, ಏನಿರಲಿಲ್ಲ ಎಂದು ನನಗೇ ಹೇಳಿಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಅವನ ಕೈಯಲ್ಲಿ ಕಾದ ಕಡ್ಡಿ ಇತ್ತು, ಮೊಮ್ಮಗಳ ಗಿಟಾರೂ ಇತ್ತು. ತೆಪ್ಪಗೆ ಕೂತೆ. ಅವನಿಗೆ ಹೇಳದೆ ನುಂಗಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೂ ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಅಪ್ಪನದು ಶಿವಮೊಗ್ಗದ ಪೇಟೆಯಲ್ಲಿ ಜವಳಿ ಅಂಗಡಿ. ನನ್ನ ಅಕ್ಕ ಗಿರಿಜ ವೀಣೆ ಕಲಿತಿದ್ದಳು. ಕಲಿತಿದ್ದಳು ಅಂದರೆ ಸುಮ್ಮನೆ ಎರಡು ಗೀತೆ ಕಲಿತು ಮದುವೆಗೆ ಕಾದು ಕೂತವಳಲ್ಲ. ಬೆಳಿಗ್ಗೆ ಎದ್ದರೆ ವೀಣೆ, ಊಟವಾದರೆ ವೀಣೆ. ಹೆಣ್ಣು ನೋಡಲು ಬಂದವರ ಎದುರು ಅವಳನ್ನು ಕೂರಿಸಿ "ಏನಾದ್ರೂ ಬಾರಿಸಮ್ಮ" ಎನ್ನುತ್ತಿದ್ದರು. ಅವಳು ಶುರು ಮಾಡುವುದೇ ತಡ, ಬಂದವರಿಗೂ ನಮ್ಮ ಅಪ್ಪನಿಗೂ ಎಲ್ಲಿಲ್ಲದ ಮಾತು ನೆನಪಿಗೆ ಬರುತ್ತಿತ್ತು. ಅಡಿಕೆಯ ಧಾರಣೆ, ಸೀಮೆಎಣ್ಣೆ ಸಿಗದ ಕಷ್ಟ, ಯಾರದೋ ಮನೆಯ ಪಾಲುಪಟ್ಟಿ. ಉಪ್ಪಿಟ್ಟಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಎಂದು ಹೇಳುವಷ್ಟು ಗಮನ ಅವರಿಗೆ ಇರುತ್ತಿತ್ತು, ಯಾವ ರಾಗ ಎಂದು ಕೇಳಿದವರು ಒಬ್ಬರೂ ಇಲ್ಲ. ಬಾಗಿಲ ಹಿಂದೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎಲೆಕ್ಟ್ರಿಕ್ ವಿಭಾಗದಲ್ಲಿದ್ದ ಹುಡುಗನೊಬ್ಬ ಬಂದಾಗಲೂ ಹೀಗೇ ಆಯಿತು. ಒಂದೇ ವ್ಯತ್ಯಾಸ. ಆ ಹುಡುಗ ತನ್ನ ತಂದೆಯ ಕಡೆ ತಿರುಗಿ, "ಅಪ್ಪಾಜಿ, ಸ್ವಲ್ಪ ಸುಮ್ನಿರ್ತೀರಾ? ಅವ್ರು ಮುಗಿಸ್ಲಿ" ಎಂದುಬಿಟ್ಟ. ಹಿರಿಯರ ಮುಖ ಬಿಗಿಯಿತು. ಒಳಗೆ ಬಂದ ಅಕ್ಕ ಅಮ್ಮನಿಗೆ, "ಇವ್ರನ್ನ ಬೇಕಾದ್ರೆ ಮದ್ವೆ ಆಗ್ತೀನಿ" ಎಂದಳು. ನಮ್ಮ ಬಸವರಾಜ ಭಾವ ನಮಗೆ ಸಿಕ್ಕಿದ್ದು ಹೀಗೆ.

ಭಾವ ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲೇ ಕೋಪ. ಅವರ ಜೊತೆ ನನಗೆ ಹೊಂದಿಕೆಯಾದದ್ದೇ ಅದಕ್ಕೆ. ರಜ ಬಂತೆಂದರೆ ರೈಲು ಹತ್ತಿ ಭದ್ರಾವತಿಗೆ ಹೋಗಿಬಿಡುತ್ತಿದ್ದೆ. ನ್ಯೂಟೌನಿನ ಅವರ ಕ್ವಾರ್ಟರ್ಸಿನಲ್ಲಿ ಯಾವಾಗಲೂ ಯಾರದೋ ಕೆಟ್ಟ ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು, ಮನೆಯೆಲ್ಲ ರಾಳದ ವಾಸನೆ. ರಿಪೇರಿ ಆದಮೇಲೂ "ಇನ್ನೂ ಟೆಸ್ಟ್ ಮಾಡ್ಬೇಕು" ಎಂದು ಸುಳ್ಳು ಹೇಳಿ ಭಾವ ರೇಡಿಯೋಗಳನ್ನು ವಾರಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಅಕ್ಕನಿಗೆ ಕಛೇರಿ ಕೇಳುವ ಹುಚ್ಚು, ಅವರಿಗೆ ಅಕ್ಕ ಕೇಳುವುದನ್ನು ನೋಡುವ ಹುಚ್ಚು.

ಅಂಥ ಒಂದು ರಜದಲ್ಲಿ, ಪಕ್ಕದ ಕ್ವಾರ್ಟರ್ಸಿನ ನಾಮಕರಣಕ್ಕೆ ವೀಣೆ ಬಾರಿಸಲು ಅಕ್ಕನನ್ನು ಕರೆದರು. ನಾನೂ ಹೋಗಿದ್ದೆ. ಹೆಂಗಸರು ಸೀರೆಯ ಮಾತಿನಲ್ಲಿ ಮುಳುಗಿದ್ದರು. ಗಂಡಸರ ಮಾತು ಹೊರಗಿನ ಜಗುಲಿಯಿಂದ ಒಳಗೆ ನುಗ್ಗುತ್ತಿತ್ತು. ಅದನ್ನು ಬೇಕಾದರೆ ಕ್ಷಮಿಸೋಣ. ಆದರೆ ಒಬ್ಬ ಮಹಾತಾಯಿ ಅಕ್ಕನ ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಲಿ ಎಂದು ಆಚೆ ಈಚೆ ನೋಡಿ, ವೀಣೆಯ ಕೊಡದ ಮೇಲೆ ಇಟ್ಟಳು! ಬಾರಿಸುತ್ತಿರುವ ವೀಣೆಯ ಮೇಲೆ! ಅಕ್ಕನ ಕೈ ನಿಂತಿತು. ನಿಂತದ್ದೂ ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದು ಅವಳು ವೀಣೆಗೆ ಗವಸು ಹಾಕಿ ಗಂಟು ಬಿಗಿದಳು. "ಇನ್ನು ಮುಟ್ಟಲ್ಲ ರೀ. ಸಾಕಾಯ್ತು" ಎಂದಳು. ಅಳಲಿಲ್ಲ; ಅತ್ತಿದ್ದರೆ ನಮಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಭಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ಸಂಜೆ ನನ್ನನ್ನು ಕರೆದು, "ನೋಡು ಮಾರಾಯ್ತಿ, ತಪ್ಪು ಆ ಜನರದ್ದಲ್ಲ, ವೀಣೇದು. ಅದರ ಶಬ್ದ ಸಾಲದು. ಅವ್ರ ಮಾತಿಗಿಂತ ಜೋರಾಗಿ ಕೇಳಿಸಿದ್ರೆ ಹೆಂಗೆ ಮಾತಾಡ್ತಾರೆ ನೋಡೋಣ" ಎಂದರು. ಕಾರ್ಖಾನೆಯ ಗುಜರಿಯಿಂದ ಹಳೆಯ ಟೆಲಿಫೋನಿನ ಕಿವಿಗಿಡುವ ಭಾಗವನ್ನು ತಂದಿದ್ದರು. ಅದರ ತಗಡು ತೆಗೆದರೆ ಒಳಗೆ ಅಯಸ್ಕಾಂತ, ಅದಕ್ಕೆ ಸುತ್ತಿದ ಕೂದಲಿನಂಥ ತಂತಿ. ಅದನ್ನು ವೀಣೆಯ ತಂತಿಗಳ ಕೆಳಗೆ ಕಟ್ಟಿ, ವೈರನ್ನು ರೇಡಿಯೋದ ಹಿಂದೆ ಗ್ರಾಮಫೋನಿಗಾಗಿ ಬಿಟ್ಟಿದ್ದ ತೂತಿಗೆ ಸಿಕ್ಕಿಸಿದರು. ಅಕ್ಕನನ್ನು ಬೇಡಿಕೊಂಡದ್ದಕ್ಕೆ ಅವಳು ಒಲ್ಲದ ಮನಸ್ಸಿನಿಂದ ಒಮ್ಮೆ ಮೀಟಿದಳು. ಉಕ್ಕಿನ ಎರಡು ತಂತಿಗಳು ರೇಡಿಯೋದಲ್ಲಿ ಗುಡುಗಿದವು. ಮಂದ್ರದ ಎರಡು ಹಿತ್ತಾಳೆಯವು. ಅಯಸ್ಕಾಂತ ಅವನ್ನು ಕ್ಯಾರೇ ಅನ್ನಲಿಲ್ಲ.

"ಅರ್ಧ ವೀಣೆ ಮೂಗಿ ಆಯ್ತಲ್ಲ ರೀ" ಎಂದಳು ಅಕ್ಕ. ಬಹಳ ದಿನದ ಮೇಲೆ ನಕ್ಕಿದ್ದಳು. ಭಾವನಿಗೆ ಅಷ್ಟೇ ಬೇಕಾಗಿತ್ತು.

ಎಲ್ಲ ತಂತಿಯಲ್ಲೂ ಉಕ್ಕಿರುವ ವಾದ್ಯ ಯಾವುದು ಎಂದು ಅವರು ಊರೆಲ್ಲ ವಿಚಾರಿಸಿದರು. ಅದೇ ಹೊತ್ತಿಗೆ ಬಿಳಿಯ ಇಂಜಿನಿಯರೊಬ್ಬ ಊರು ಬಿಡುತ್ತಾ ತನ್ನ ಸಾಮಾನು ಹರಾಜಿಗಿಟ್ಟ. ಮಂಚ, ಕುರ್ಚಿಗಳಿಗೆ ಜನ ಬಡಿದಾಡಿದರು. ಬಚ್ಚಲ ಬಾಗಿಲಿನ ಹಿಂದೆ ಧೂಳು ತಿನ್ನುತ್ತಿದ್ದ ಗಿಟಾರಿಗೆ ಭಾವನೊಬ್ಬರೇ ಗಿರಾಕಿ. ಅದಕ್ಕೆ ಟೆಲಿಫೋನಿನ ತುಂಡು ಕೂರಿಸಿದರು, ಬೆಸುಗೆ ಹಾಕಿದರು. ಆರೂ ತಂತಿ ಮಾತಾಡಿದವು. ಎಷ್ಟು ಜೋರಾಗಿ ಅಂದರೆ ಎದುರು ಮನೆಯ ತಮಿಳು ಫೋರ್‌ಮನ್ನರು ಏನೋ ಸಿಡಿಯಿತೆಂದು ಓಡಿಬಂದರು.

ಭಾವನ ದೃಷ್ಟಿಯಲ್ಲಿ ಕೆಲಸ ಮುಗಿದಿತ್ತು. ಅಕ್ಕನ ದೃಷ್ಟಿಯಲ್ಲಿ ಶುರುವೇ ಆಗಿರಲಿಲ್ಲ. "ಶಬ್ದ ಸರಿ ರೀ. ಇದ್ರಲ್ಲಿ ಗಮಕ ಎಲ್ಲಿದೆ? ಸ್ವರದಿಂದ ಸ್ವರಕ್ಕೆ ಜಾರಕ್ಕಾಗಲ್ಲ, ಕುಪ್ಪಳಿಸ್ಕೊಂಡು ಹೋಗತ್ತೆ. ಇದು ಯಾರದೋ ಹಾಡು, ನಂದಲ್ಲ." ಅವಳು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನೋಡಿದಳು. ತಂತಿಗಳ ಕೆಳಗೆ, ಕತ್ತಿನ ತುದಿಯಲ್ಲಿ, ಒಂದು ಮರದ ಪಟ್ಟಿ ತೂರಿಸಿ ಎತ್ತರಿಸಿದಳು. ಈಗ ತಂತಿಗಳು ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳಿಗೆ ತಾಗದೆ ಗಾಳಿಯಲ್ಲಿ ನಿಂತವು. ಕಾರ್ಖಾನೆಯ ಲೇತಿನಲ್ಲಿ ಭಾವ ಕಡೆಸಿ ತಂದ ನುಣ್ಣನೆಯ ಉಕ್ಕಿನ ಸರಳನ್ನು ತಂತಿಯ ಮೇಲೆ ಇಟ್ಟು ಜಾರಿಸಿದಳು. ನಾಲ್ಕು ತಂತಿ ವೀಣೆಯ ಶ್ರುತಿಗೆ, ಉಳಿದೆರಡು ತಾಳಕ್ಕೆ. ಒಂದು ಮಧ್ಯಾಹ್ನ ತೋಡಿ ರಾಗದ ಗಾಂಧಾರ ಸಿಕ್ಕಿತು. ಅದು ನಡುಗುತ್ತಾ ಬಂದು ರೇಡಿಯೋದಿಂದ ಇಡೀ ಕೋಣೆಗೆ ತುಂಬಿಕೊಂಡಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ವೀಣೆಯಲ್ಲಿ ಬೇಗ ಆರಿಹೋಗುತ್ತಿದ್ದ ನಾದ ಇಲ್ಲಿ ಅವಳು ಬೇಕೆಂದಷ್ಟು ಹೊತ್ತು ನಿಲ್ಲುತ್ತಿತ್ತು. ಅಕ್ಕ ಅವತ್ತು ಅಡುಗೆ ಮಾಡಲಿಲ್ಲ. ನಾವು ಅವಲಕ್ಕಿ ತಿಂದೆವು.

ಕಾರ್ಖಾನೆಯ ಕ್ಲಬ್ಬಿನಲ್ಲಿ ಒಂದು ಸಂಜೆ ಅಕ್ಕ ಬಾರಿಸಲು ಭಾವನೇ ಅಲ್ಲಿಯವರೊಡನೆ ಮಾತಾಡಿ ಒಪ್ಪಿಸಿದರು. ಅಲ್ಲಿ ಯಾರೂ ಕೇಳದಿದ್ದರೆ ಮತ್ತೆ ಹೊರಗೆ ಬಾರಿಸುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿದ್ದಳು. ಅಕ್ಕ ಕೂತಳು, ಭಾವ ಕ್ಲಬ್ಬಿನ ದೊಡ್ಡ ರೇಡಿಯೋಗೆ ವೈರು ಸಿಕ್ಕಿಸಿ ತಿರುಗಣಿ ತಿರುಗಿಸಿದರು. ಮೊದಲ ಸ್ವರಕ್ಕೆ ಇಡೀ ಸಭೆ ಸ್ತಬ್ಧ. ನಾನು ಗೆದ್ದವಳ ಹಾಗೆ ಸುತ್ತ ನೋಡಿದೆ. ಆದರೆ ಅವರು ಬೆರಗಾಗಿದ್ದು ಯಂತ್ರಕ್ಕೆ. "ಕರೆಂಟು ಎಲ್ಲಿಂದ ಬರ್ತದೆ ಸ್ವಾಮಿ?" "ಶಾಕ್ ಹೊಡೆಯಲ್ವಾ ಆಯಮ್ಮಂಗೆ?" ಬೆರಗು ಮುಗಿಯಿತು, ಇಸ್ಪೀಟು ಕಲೆಸುವುದು ಶುರುವಾಯಿತು. ಮಾತು ಬಂತು. ಗಿಟಾರು ಜೋರಾಗಿದ್ದರಿಂದ ಮಾತೂ ಜೋರಾಯಿತು. ತೋಡಿಯ ನಡುವೆ ಕ್ಲಬ್ಬಿನ ಕಾರ್ಯದರ್ಶಿಗಳು ನಗುನಗುತ್ತಾ ಬಂದು ಬಾಗಿ ಹೇಳಿದರು:

"ಸ್ವಲ್ಪ ಸೌಂಡ್ ಕಮ್ಮಿ ಮಾಡ್ಕೊಳ್ಳಮ್ಮ. ಪಾಪ, ಮಾತಾಡೋರಿಗೆ ತೊಂದ್ರೆ ಆಗ್ತಿದೆ."

ಮಾತಾಡೋರಿಗೆ ತೊಂದರೆ! ಕೇಳಿದಿರಾ? ಭಾವ ತೋಳೇರಿಸಿಕೊಂಡು ಎದ್ದರು. ನನ್ನ ನಾಲಿಗೆಯ ತುದಿಗೂ ಮಾತು ಬಂದಿತ್ತು. ಲಂಗ ದಾವಣಿಯ ಹುಡುಗಿ, ಅಷ್ಟು ಜನ ಗಂಡಸರ ಎದುರು, ಬಾಯಿ ಏಳಲಿಲ್ಲ. ಅಕ್ಕ ಮಾತ್ರ ಕಣ್ಣಲ್ಲೇ ಭಾವನನ್ನು ಕೂರಿಸಿದಳು. ಕೈ ಚಾಚಿ ಗಿಟಾರಿನಿಂದ ವೈರನ್ನು ಕಿತ್ತಳು. ಕಿತ್ತು, ಬಾರಿಸುವುದನ್ನು ಮುಂದುವರಿಸಿದಳು. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೇ ಸೊಳ್ಳೆ ಹಾಡಿದಷ್ಟು ಕೇಳುತ್ತಿತ್ತು. ಒಂದು ಸ್ವರವನ್ನೂ ಬಿಡದೆ, ತೋಡಿಯನ್ನು ತನಗೊಬ್ಬಳಿಗೇ ಪೂರ್ತಿ ಬಾರಿಸಿ ಎದ್ದಳು. ಕೊನೆಗೆ ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಮನೆಗೆ ನಡೆಯುವಾಗ ಭಾವ ದಾರಿಯುದ್ದಕ್ಕೂ ಕೂಗಾಡಿದರು. ಇನ್ನೂ ದೊಡ್ಡ ಸ್ಪೀಕರು ಹಾಕಿಸುತ್ತೇನೆ, ಸೈರನ್ನಿನ ಹಾಗೆ ಕೇಳಿಸುತ್ತೇನೆ ಎಂದರು. ಅಕ್ಕ ನಡೆಯುತ್ತಲೇ ಹೇಳಿದಳು:

"ಬೇಡ ಬಿಡಿ. ಅವ್ರಿಗೆ ಕೇಳಿಸ್ತಿತ್ತು ಕಣ್ರೀ. ಮೊದ್ಲಿಂದ್ಲೂ ಕೇಳಿಸ್ತಿತ್ತು."

ಅಕ್ಕ ಬದುಕಿರುವವರೆಗೂ ಮನೆಯಲ್ಲಿ ಬಾರಿಸಿದಳು, ಭಾವ ಎದುರಿಗೆ ಕೂತು ಕೇಳಿದರು. ಹೊರಗೆ ಮತ್ತೆಂದೂ ಬಾರಿಸಲಿಲ್ಲ.

ರಿಪೇರಿ ಮಾಡಿಸಿದ ಗಿಟಾರನ್ನು ಮೊಮ್ಮಗಳಿಗೆ ಕೊಟ್ಟೆ. ರಾತ್ರಿ ಊಟಕ್ಕೆ ಮುಂಚೆ ನೋಡಿದರೆ ಹಾಲಿನ ಮೂಲೆಯಲ್ಲಿ ಅವಳು ಬಾರಿಸುತ್ತಿದ್ದಾಳೆ, ಬೆರಳು ಓಡುತ್ತಿವೆ, ತಲೆ ತೂಗುತ್ತಿದೆ, ಒಂದು ಚೂರೂ ಶಬ್ದವಿಲ್ಲ. ಕಿವಿಗೆ ಹೆಡ್‌ಫೋನ್. "ಎಷ್ಟು ಅನುಕೂಲ ನೋಡಿ ಅತ್ತೆ. ಅವಳ ಪಾಡಿಗೆ ಅವಳು, ನಮಗೂ ತೊಂದ್ರೆ ಇಲ್ಲ" ಎಂದಳು ಸೊಸೆ, ಟೀವಿಯಿಂದ ಕಣ್ಣು ತೆಗೆಯದೆ. ಕೊನೆಗೂ ಜನಕ್ಕೆ ಬೇಕಾದ ಗಿಟಾರು ಬಂದಿದೆ ಎಂದುಕೊಂಡೆ.

ಎದ್ದು ಹೋಗಿ ಟೀವಿ ಆರಿಸಿದೆ. ಮೊಮ್ಮಗಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಕಿವಿಯದನ್ನು ತೆಗೆಯಲು ಸನ್ನೆ ಮಾಡಿದೆ.

"ಅಜ್ಜಿ, ನಂಗಿನ್ನೂ ಸರಿಯಾಗಿ ಬರಲ್ಲ" ಎಂದಳು.

"ಬರದಿದ್ರೆ ಬರದಿದ್ದನ್ನೇ ಬಾರಿಸು."

ಹೆಡ್‌ಫೋನಿನ ವೈರನ್ನು ಪಕ್ಕದ ಸ್ಪೀಕರಿನಿಂದ ಕಿತ್ತು ಬಾರಿಸಿದಳು. ಅದು ಯಾವ ಸಂಗೀತವೋ, ನನಗೆ ತಲೆಬುಡ ತಿಳಿಯಲಿಲ್ಲ. ಕಿಟಕಿಯ ಗಾಜು ನಡುಗಿತು. ಒಳಗಿನ ಕೋಣೆಯಿಂದ ಮಗ ಕೂಗಿದ: "ಸೌಂಡ್ ಕಮ್ಮಿ ಮಾಡೇ! ನಾನು ಫೋನಲ್ಲಿ ಮಾತಾಡ್ತಿದ್ದೀನಿ!"

"ಮಾತಾಡೋದಿದ್ರೆ ಹೊರಗೆ ಹೋಗೋ" ಎಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದು ನನಗೇ ಆಶ್ಚರ್ಯ. "ಇಲ್ಲಿ ಒಬ್ಳು ಬಾರಿಸ್ತಿದ್ದಾಳೆ, ಕಾಣ್ಸಲ್ವಾ?"

ಮಗ ಹೊರಗೆ ಹೋದ. ಮೊಮ್ಮಗಳು ಒಂದು ಕ್ಷಣ ನನ್ನನ್ನೇ ನೋಡಿ, ಮೊದಲಿಂದ ಶುರು ಮಾಡಿದಳು.