ತಾನೇ ನಡೆಯುವ ಮನೆ ಬೇಕೆಂದ ಅಕ್ಕ

ಅಕ್ಕನ ಬಲಗೈಯಲ್ಲಿ ಎರಡು ಕೈಗಾಗುವಷ್ಟು ಹಸಿರು ಗಾಜಿನ ಬಳೆಗಳಿರುತ್ತಿದ್ದವು. ಎಡಗೈಯಲ್ಲಿ ಒಂದೂ ಇಲ್ಲ. ಆ ಕೈಗೆ ಭುಜದಿಂದ ಅಂಗೈವರೆಗೆ ಚರ್ಮದ ಬಣ್ಣದ ಬಿಗಿಯಾದ ಇಲಾಸ್ಟಿಕ್ ತೋಳು. ಎದೆಯ ಗಡ್ಡೆ ತೆಗೆದ ಮೇಲೆ ಕೈ ಬಾತುಕೊಳ್ಳಬಾರದೆಂದು ಡಾಕ್ಟರು ಕೊಟ್ಟದ್ದು. "ಈ ಕೈಗೆ ಬಳಿ ಏರಲ್ಲ ತಮ್ಮಾ, ಅದರ ಪಾಲಿಂದೂ ಇದಕ್ಕೇ ಹಾಕೀನಿ" ಎಂದು ಮೊದಲ ಸಲ ನಾನು ಮಿಕಮಿಕ ನೋಡುತ್ತ ನಿಂತಾಗ ಅವರೇ ಹೇಳಿದ್ದರು. ಔರಂಗಾಬಾದಿನಲ್ಲಿ ಕಟ್ಟಿಸುತ್ತಿದ್ದ ಅಷ್ಟು ದೊಡ್ಡ ಬಂಗಲೆಯಲ್ಲಿ ಅವರು ಯಾವ ಕೋಣೆಯಲ್ಲಿದ್ದಾರೆಂದು ಬಳೆ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಗಿರಾಕಿ. ದೀಪ, ಪರದೆ, ಗೀಝರು, ಬಾಗಿಲ ಬೀಗ, ಇವೆಲ್ಲ ಹೊತ್ತಿಗೆ ಸರಿಯಾಗಿ ತಾವೇ ಹತ್ತಿ ಆರುವಂತೆ, ತೆರೆದು ಮುಚ್ಚುವಂತೆ ಮಾಡಿಕೊಡುವುದು ನನ್ನ ಕೆಲಸ. ನಾಶಿಕದ ಕಾಲೇಜ್ ರೋಡಿನಲ್ಲಿ ನನ್ನದೊಂದು ಸಣ್ಣ ಶೋರೂಮು. ಎರಡು ಸಾವಿರದ ಹನ್ನೆರಡರ ಆಸುಪಾಸು. ನನಗೆ ಮೂವತ್ತು ತುಂಬಿತ್ತು, ವಿದೇಶಿ ಕ್ಯಾಟಲಾಗುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಯಾರಾದರೂ "ಇದೆಲ್ಲ ಯಾಕೆ ಬೇಕು?" ಎಂದರೆ ಮುಖ ಸಿಂಡರಿಸುತ್ತಿದ್ದೆ. ಸೊಕ್ಕು ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಅಕ್ಕ ಮೊದಲು ಫೋನ್ ಮಾಡಿದಾಗ ಹಿಂದಿಯಲ್ಲಿ ಮಾತು ಶುರುವಾಗಿತ್ತು. ನನ್ನಪ್ಪ ಭಾಲ್ಕಿಯ ಕಡೆಯಿಂದ ಬಂದು ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವತ್ತು ಶೋರೂಮಿನಲ್ಲೇ ಕೂತಿದ್ದರು. ನಡುವೆ ಬಾಯಿ ಹಾಕಿ, "ಊಟಕ್ಕ ಬರ್ತೀಯೋ ಇಲ್ಲೋ? ಅವ್ವ ಕಾಯ್ಲಕತ್ತಾಳ" ಎಂದು ಕೂಗಿದರು. ಆ ಕಡೆಯ ಹಿಂದಿ ಅಲ್ಲೇ ನಿಂತಿತು. ಆಮೇಲೆ, "ಹೋಗ್ರಿ, ಮೊದ್ಲ ಊಟ ಮಾಡ್ರಿ. ಬೀದರ ಕಡೀದವ್ರೇನ್ರಿ ನೀವು? ನಂದು ಹುಮನಾಬಾದ. ನಿಮ್ಮ ಮಷೀನ್ ಹೆಂಗರ ಇರ್ಲಿ, ಕೆಲಸ ನಿಮಗೇ" ಎಂದರು. ಹೀಗೂ ಕೆಲಸ ಸಿಗುತ್ತದೆ ನೋಡಿ.

ಮದುವೆಯಾಗಿ ಅವರು ಬಂದದ್ದು ಔರಂಗಾಬಾದಿಗೆ. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಗಂಡ ಅಲ್ಲೇ ಹುಟ್ಟಿ ಬೆಳೆದವರು. ಶಿವಭಕ್ತರ ಮನೆತನ, ಮನೆಮಾತು ಮರಾಠಿ. ವಾಳೂಜಿನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ನಾನು ಅವರನ್ನು ಸಾಹೇಬರು ಎನ್ನುತ್ತಿದ್ದೆ. ಒಬ್ಬಳೇ ಮಗಳು, ಪುಣೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಬೆಳಿಗ್ಗೆ ತವರಿಗೆ ಫೋನ್ ಮಾಡುವ ಹೊತ್ತು ಬಿಟ್ಟರೆ ಅಕ್ಕನ ಬಾಯಲ್ಲಿ ಕನ್ನಡ ಆಡುತ್ತಿರಲಿಲ್ಲ. "ಇಷ್ಟು ವರ್ಷ ಆತು, ಇವ್ರಿಗಿ ನಮ್ಮ ಮಾತಿನಾಗ ಎರಡೇ ಶಬ್ದ ಬರ್ತಾವ. ಊಟ, ನೀರು. ಅವೂ ಹಸಿವಿ ಆದ್ರ" ಎಂದು ಗಂಡನ ಎದುರಿಗೇ ನಗುತ್ತಿದ್ದರು. ಸಾಹೇಬರು ತಮ್ಮ ಬಗ್ಗೆ ಏನೋ ಹೇಳುತ್ತಿದ್ದಾಳೆಂದು ತಾವೂ ನಗುತ್ತಿದ್ದರು.

ಸಾಮಾನು ಆರಿಸಲು ಇಬ್ಬರೂ ನಾಶಿಕಕ್ಕೆ ಬಂದರು. ಗೋಡೆ ತುಂಬ ಗಾಜಿನ ಸ್ವಿಚ್ಚುಗಳು, ಬೆರಳು ತಾಗಿಸಿದರೆ ಸಾಕು, ದೀಪ ಮೆಲ್ಲಗೆ ಅರಳುತ್ತದೆ. ನಾನು ಭಾಷಣ ಬಿಗಿಯುತ್ತಿದ್ದೆ. ಅಕ್ಕ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಒಳಗೆ ಜೋಳದ ಹಿಟ್ಟು! ಬಾಟಲಿಯ ನೀರು ಹಾಕಿ ನನ್ನ ಟೇಬಲ್ಲಿನ ಮೇಲೇ ಕಲಸಿ, ಆ ಅಂಟುಗೈಯಿಂದ ಒಂದೊಂದೇ ಗಾಜನ್ನು ಮುಟ್ಟುತ್ತ ಹೋದರು. ಒಂದು ಹತ್ತಲಿಲ್ಲ. ಇನ್ನೊಂದು ಹತ್ತಿತು, ಆರಲಿಲ್ಲ. ಮೂರನೆಯದಕ್ಕೆ ಹುಚ್ಚು ಹಿಡಿದಂತಾಗಿ ಎಲ್ಲ ದೀಪಗಳೂ ಪಕಪಕ ಎಂದವು. ಮೂಲೆಯಲ್ಲಿದ್ದ ಒತ್ತುವ ಗುಂಡಿಯ ಹಳೇ ಮಾದರಿಯದು ಮಾತ್ರ ಟಕ್ಕೆಂದು ಕೆಲಸ ಮಾಡಿತು. "ಅಡಗಿಮನ್ಯಾಗ ಇದು" ಎಂದರು. ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ಗಾಜು ಒರೆಸುತ್ತ ಒಬ್ಬನೇ ಬೈದುಕೊಂಡೆ. ಈಗ ಪ್ರತಿ ಗಿರಾಕಿಗೂ ನಾನೇ ಒದ್ದೆ ಕೈಯಲ್ಲಿ ಮುಟ್ಟಿ ತೋರಿಸುತ್ತೇನೆ.

ಸಾಹೇಬರಿಗೆ ಬೇಕಾದದ್ದು ಹೋಮ್ ಥಿಯೇಟರು, ಬಣ್ಣ ಬದಲಿಸುವ ದೀಪ, ಬಂದವರು ಬಾಯಿ ಬಿಡುವಂಥ ಸಾಮಾನು. ಅಕ್ಕನ ಲೆಕ್ಕವೇ ಬೇರೆ. "ಮನಿ ಏನೇನ್ ಮಾಡ್ತದ ಅಂತ ಹೇಳಬ್ಯಾಡ ತಮ್ಮಾ. ನಮ್ಮ ಮನ್ಯಾಗ ಯಾರು ಏನ್ ಮರೀತಾರ ಅಂತ ನೀ ಕೇಳು." ಕೇಳಿದೆ. ಮರೆಯುವವರು ಒಬ್ಬರೇ, ಸಾಹೇಬರು. ಗೀಝರು ಹಚ್ಚಿ ಕಾರ್ಖಾನೆಗೆ ಹೋಗಿಬಿಡುತ್ತಾರೆ. ಹಾಲಿಟ್ಟು ಪೇಪರ್ ಹಿಡಿಯುತ್ತಾರೆ. ಬೀಗದ ಕೈ ಹೊರಬಾಗಿಲಿಗೇ ನೇತಾಡುತ್ತಿರುತ್ತದೆ. ಸಂಜೆಯಾದರೆ ದೀಪ ಹಾಕಬೇಕೆಂಬುದೂ ನೆನಪಿಲ್ಲದೆ ಕತ್ತಲಲ್ಲೇ ಫೈಲು ಹಿಡಿದು ಕೂತಿರುತ್ತಾರೆ. ಗುಳಿಗೆಯಂತೂ ಕೇಳಲೇಬೇಡಿ. ಅದನ್ನೆಲ್ಲ ಬರೆದುಕೊಂಡು ನನ್ನ ಪ್ಲಾನ್ ಮಾಡಿದೆ. ಕೆಲಸ ಹೀಗೆ ಮಾಡಬೇಕೆಂದು ನನಗೆ ಯಾವ ಕ್ಯಾಟಲಾಗೂ ಹೇಳಿರಲಿಲ್ಲ.

ಎರಡು ಬಗೆಯ ವ್ಯವಸ್ಥೆ ಅವರ ಮುಂದಿಟ್ಟೆ. ಒಂದರಲ್ಲಿ ಇಡೀ ಮನೆ ಒಂದೇ ದೊಡ್ಡ ಪೆಟ್ಟಿಗೆಯ ಮಾತು ಕೇಳುತ್ತದೆ, ನೋಡಲು ಭರ್ಜರಿ. ಇನ್ನೊಂದರಲ್ಲಿ ಪ್ರತಿ ಕೋಣೆಗೂ ಅದರದೇ ಸಣ್ಣ ಪೆಟ್ಟಿಗೆ, ಒಂದು ಕೆಟ್ಟರೂ ಉಳಿದವು ನಡೆಯುತ್ತವೆ. ನಾನು ಮೊದಲನೆಯದನ್ನೇ ಹೊಗಳಿದೆ. "ಎಲ್ಲಾ ಒಬ್ರ ಮ್ಯಾಲೇ ಬಿಟ್ರ, ಆ ಒಬ್ರು ಮಲಗಿದ ದಿನ ಮನಿನೇ ಮಲಗ್ತದ. ಅನುಭವ ಅದ ನನಗ" ಎಂದು ಅಕ್ಕ ಎರಡನೆಯದರ ಮೇಲೆ ಬೆರಳಿಟ್ಟರು. ಪೆಟ್ಟಿಗೆಯ ವಿಚಾರ ಎಂದೇ ನಾನು ತಿಳಿದೆ.

ಗೋಡೆಗಳಿಗೆ ಸಿಮೆಂಟಿನ ಗಿಲಾಯಿ ನಡೆಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ನಾವು ಮೂವರೂ ಮೇಲಿನ ಮಲಗುವ ಕೋಣೆಯಲ್ಲಿದ್ದೆವು. ಸಾಹೇಬರು ಕಿಟಕಿಯ ಹತ್ತಿರ ಫೋನಿನಲ್ಲಿದ್ದರು. ನಾನು ಪರದೆಯ ಮೋಟರಿಗೆ ಜಾಗ ಅಳೆಯುತ್ತಿದ್ದೆ. ಅಕ್ಕ ನನ್ನ ಪಕ್ಕಕ್ಕೆ ಬಂದು, ಸಿಮೆಂಟಿನ ರೇಟು ಹೇಳುವಷ್ಟೇ ಸಹಜವಾಗಿ, "ಲಗೂ ಮುಗಸ್ಬೇಕು ತಮ್ಮಾ. ಅದು ಮತ್ತ ಬಂದದ" ಎಂದರು.

"ಏನ್ರಿ ಅಕ್ಕಾ?"

"ಬ್ಯಾನಿ. ಈ ಸಲ ಎಲುಬಿಗಿ ಇಳದದ ಅಂತ. ಡಾಕ್ಟರ್‌ಗ ಕೇಳ್ದೆ, ಖರೇ ಹೇಳ್ರಿ ಅಂದೆ. ದಸರಾ ನೋಡಿದ್ರ ಹೆಚ್ಚು ಅಂದ್ರು. ಇವ್ರಿಗಿ ಹೇಳಿಲ್ಲ. ಹೋದ ಸಲ ನನಗ ಬ್ಯಾನಿ ಬಂದಾಗ ಕಾರ್ಖಾನಿ ಬಂದ್ ಮಾಡಿ, ಅನ್ನ ಬಿಟ್ಟು ಕುಂತಿದ್ರು. ಈ ಮನಿ ಆಗ ಪಾಯಾದಾಗೇ ನಿಂತಿತ್ತು. ಈಗ ಹೇಳಿದ್ರ ಮತ್ತ ನಿಲ್ತದ. ನಾ ಹೋದ ಮ್ಯಾಲ ಈ ಮನಷ್ಯಾನ ಯಾರ್ ನೋಡ್ಬೇಕು? ಮನಿಯೇ ನೋಡ್ಬೇಕು. ಮುಗೀಲಿ, ವಾಸ್ತುಶಾಂತಿ ಆಗ್ಲಿ. ಆಮ್ಯಾಲ ಹೇಳ್ತೀನಿ."

ಕೈಯಲ್ಲಿದ್ದ ಟೇಪು ಸುರ್ರೆಂದು ಒಳಗೆ ಹೋಯಿತು. ಸಾಹೇಬರು ಫೋನ್ ಕಿವಿಯಿಂದ ತೆಗೆದು, "ಕಾಯ್ ಮ್ಹಣತೇ ಹೀ?" ಎಂದರು. ಏನಂತಾಳೆ ಇವಳು ಎಂದು. ಅಕ್ಕ ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದನ್ನು ಮರಾಠಿಯಲ್ಲಿ ಹೇಳಿದೆ: "ಪರದೆ ಎಳೆಯುವಾಗ ಮೋಟರು ಸದ್ದು ಮಾಡಬಾರದು ಅಂತಿದ್ದಾರೆ ಸಾಹೇಬ್." ಅವರು ಫೋನ್ ಬಂದ್ ಮಾಡಿ ಕಿಸೆಗೆ ಹಾಕಿದರು. ಆಮೇಲೆ, "ಸದ್ದಿಲ್ಲದ್ದೇ ಹಾಕು. ಅವಳು ಹೇಳಿದ ಹಾಗೆ" ಎಂದು ಮೆಟ್ಟಿಲಿಳಿದು ಹೋದರು.

ಅವತ್ತು ನಾಶಿಕಕ್ಕೆ ವಾಪಸು ಬರುವಾಗ ನಿಫಾಡದ ಹತ್ತಿರ ಗಾಡಿ ನಿಲ್ಲಿಸಿ ಅತ್ತೆ. ಹೇಳಬಾರದೆಂದು ಮಾತು ತೆಗೆದುಕೊಂಡಿದ್ದರು, ಹೇಳಲಿಲ್ಲ. ಆ ಮನುಷ್ಯನ ಮುಖ ನೋಡಿ ಸುಳ್ಳು ಹೇಳಿದ್ದು ಮಾತ್ರ ದಾರಿಯುದ್ದಕ್ಕೂ ನೆನಪಾಗುತ್ತಿತ್ತು. ಅದೇನು ಒಂದೇ ಸಲವೇ! ಅಕ್ಕ ಆಮೇಲೂ ಗಂಡನ ಎದುರಿಗೇ ನನ್ನ ಹತ್ತಿರ ನೋವು, ನಿದ್ದೆ, ಮಗಳ ಚಿಂತೆ ಎಲ್ಲ ಹೇಳಿಕೊಳ್ಳುತ್ತಿದ್ದರು. ಸಾಹೇಬರು ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಿದ್ದರು. ನಾನು ಸ್ವಿಚ್ಚು, ತಂತಿ, ಬೀಗ ಎಂದು ಏನಾದರೊಂದು ಹೆಣೆಯುತ್ತಿದ್ದೆ.

ವಿಚಿತ್ರವೆಂದರೆ ಸಾಹೇಬರು ಅಲ್ಲಿಂದ ಬದಲಾದರು. ಥಿಯೇಟರು ಬೇಡ ಎಂದರು. ಬಣ್ಣದ ದೀಪವೂ ಬೇಡ. ಕೆಲಸಕ್ಕೆ ಎರಡು ತಂಡ ಹಚ್ಚಿದರು. ದೀಪಾವಳಿಗೆ ಎಂದಿದ್ದ ವಾಸ್ತುಶಾಂತಿಯನ್ನು ಜ್ಯೇಷ್ಠಕ್ಕೆ ಎಳೆದು ತಂದರು. ಅಕ್ಕನಿಗೆ ಆಶ್ಚರ್ಯ. "ಏನ್ ಪುಣ್ಯಾನೋ ತಮ್ಮಾ, ಇವ್ರಿಗಿ ಅವಸರ ಬಂದದ" ಎಂದು ಹಿಗ್ಗಿದರು. ನನ್ನ ಪ್ಲಾನು ಅವರಿಗೆ ಹಿಡಿಸಿತೆಂದು ನಾನೂ ಒಳಗೊಳಗೇ ಉಬ್ಬಿದೆ.

ಎಲ್ಲ ಜೋಡಿಸಿದ ಮೇಲೆ, ಪೂಜೆಗೆ ನಾಲ್ಕು ದಿನ ಮುಂಚೆ, ಅಕ್ಕ ಪರೀಕ್ಷೆ ಮಾಡಬೇಕೆಂದರು. ಯಾವ ಪರೀಕ್ಷೆ? ನಡುಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂತರು. "ಇವತ್ತ ನಾ ಏನೂ ಮುಟ್ಟಲ್ಲ. ನಾ ಇಲ್ಲ ಅಂತ ತಿಳಿ" ಎಂದರು. ಬೆಳಿಗ್ಗೆಯಿಂದ ಸಂಜೆವರೆಗೆ ಕೂತೇ ಇದ್ದರು, ಎರಡು ಕೈ ತೊಡೆಯ ಮೇಲೆ. ಬೇಕೆಂದೇ ಹಚ್ಚಿ ಬಿಟ್ಟ ಗೀಝರು ಹೊತ್ತಿಗೆ ಆರಿತು. ಉಕ್ಕಲು ಬಿಟ್ಟ ಹಾಲಿನ ಗ್ಯಾಸು ತಾನೇ ಬಂದಾಯಿತು. ಎಳೆದುಕೊಂಡ ಬಾಗಿಲಿಗೆ ಬೀಗ ಬಿತ್ತು. ಗುಳಿಗೆಯ ಹೊತ್ತಿಗೆ ಗೋಡೆಯ ಸ್ವಿಚ್ಚಿನ ಫಲಕದ ಮೇಲೆ ಕೆಂಪು ದೀಪ ಮಿಣುಕಿತು. ಒಂದೊಂದಕ್ಕೂ ತಲೆ ಆಡಿಸಿದರು. ಊಟಕ್ಕೆ ಏಳಿರೆಂದರೆ ಏಳಲಿಲ್ಲ. ನನಗಂತೂ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ, ಸುಮ್ಮನೆ ತಂತಿ ನೋಡುವ ನೆಪದಲ್ಲಿ ಒಳಗೆ ಹೊರಗೆ ತಿರುಗಿದೆ.

ಹೊತ್ತು ಮುಳುಗುವಾಗ ಸಾಹೇಬರು ಬಂದರು. ಬಾಗಿಲಲ್ಲೇ ನಿಂತರು. ಅದೇ ಹೊತ್ತಿಗೆ ಪರದೆಗಳು ಸರಿದು, ದೇವರ ಕೋಣೆಯ ದೀಪ ಹತ್ತಿ, ಆಮೇಲೆ ಇಡೀ ಮನೆ ಬೆಳಗಿತು. ಅಕ್ಕ ಕುರ್ಚಿಯಿಂದಲೇ ಹೇಳಿದರು: "ಚಲೋ ಆತು ತಮ್ಮಾ. ನಾ ಇಲ್ದಂಗ ನಡೀತದ."

"ಕಾಯ್ ಮ್ಹಣತೇ ಹೀ?"

"ದೀಪ ಸರಿಯಾಗಿ ಹತ್ತಿದವು ಅಂತಿದ್ದಾರೆ ಸಾಹೇಬ್."

ಅವರು ಹೂಂ ಎಂದರು. ಕಾರಿನಲ್ಲಿ ಏನೋ ಮರೆತೆ ಎಂದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. "ನೋಡು, ಮತ್ತ ಮರ್ತಾರ" ಎಂದು ಅಕ್ಕ ನಕ್ಕರು.

ಪೂಜೆ ಚೆನ್ನಾಗಿ ಆಯಿತು. ಹೊಸ ಮನೆಯಲ್ಲಿ ಅಕ್ಕ ಇದ್ದದ್ದು ಐದು ವಾರ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಆಸ್ಪತ್ರೆ ಸೇರಿದರು, ಗಂಡನಿಗೆ ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರಲಿಲ್ಲ. ದಸರಾ ಇನ್ನೂ ದೂರವಿತ್ತು. ನಾನು ಘೋಟಿಯ ಒಂದು ಬಂಗಲೆಯಲ್ಲಿ ಕೆಲಸದಲ್ಲಿದ್ದಾಗ ಫೋನ್ ಬಂತು: ಅಕ್ಕ ಲಿಂಗೈಕ್ಯರಾದರು. ಅಲ್ಲೇ ಮರಳಿನ ರಾಶಿಯ ಮೇಲೆ ಕೂತುಬಿಟ್ಟೆ. ಮಣ್ಣಿಗೆ ಹೋಗಲಾಗಲಿಲ್ಲ, ಅದಕ್ಕೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಎರಡು ವಾರ ಬಿಟ್ಟು ಹೋದೆ. ಮಗಳು ಚಹಾ ಕೊಟ್ಟು ಒಳಗೆ ಹೋದಳು. ಸಾಹೇಬರು ಸೊರಗಿದ್ದರು. ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಮರಾಠಿಯಲ್ಲಿ ಕೇಳಿದೆ. ಇನ್ನೇನು ಕೇಳಬೇಕೆಂದು ತಿಳಿಯಲಿಲ್ಲ. ಅವರು ನನ್ನನ್ನು ನೋಡಿ, ಎಡವುತ್ತ, ಕನ್ನಡದಲ್ಲಿ ಹೇಳಿದರು:

"ನಡೀತದ. ಅಕಿ ಇಲ್ದಂಗ... ನಡೀತದ."

ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಮಾತಾಡ್ಲಕ ಬರಲ್ಲ. ತಿಳೀತದ. ಎಲ್ಲಾ ತಿಳೀತದ" ಎಂದರು. ಆಮೇಲೆ ಮರಾಠಿಗೆ ತಿರುಗಿ ಒಂದೊಂದಾಗಿ ಹೇಳಿದರು: "ದಿನಾ ಬೆಳಿಗ್ಗೆ ಅವಳು ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ನಾನು ಪೇಪರ್ ಹಿಡಿದು ಪಕ್ಕದಲ್ಲೇ ಇರುತ್ತಿದ್ದೆ. ಮದುವೆಯಾದ ಎರಡು ವರ್ಷಕ್ಕೇ ಅವಳ ಕನ್ನಡ ತಿಳಿಯತೊಡಗಿತು. ನನ್ನಮ್ಮನ ಮೇಲೆ, ನನ್ನ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಹೇಳಿಕೊಂಡು ಹಗುರಾಗುತ್ತಿದ್ದಳು. ನನಗೆ ತಿಳಿಯುತ್ತದೆ ಎಂದರೆ ಆ ಬಡಪಾಯಿ ಎಲ್ಲಿ ಹೋಗಿ ಹೇಳಿಕೊಳ್ಳಬೇಕು? ಅದಕ್ಕೇ ಸುಮ್ಮನಿದ್ದೆ. ಮೇಲಿನ ಕೋಣೆಯಲ್ಲಿ ನಿನಗೆ ಹೇಳಿದಳಲ್ಲ, ಅವತ್ತೇ ಡಾಕ್ಟರ ಹತ್ತಿರ ಹೋದೆ. ಮಾಡುವುದೇನೂ ಉಳಿದಿಲ್ಲ ಎಂದರು. ಮನೆ ಮುಗಿಯಲಿ ಎಂದಿದ್ದಳು, ಮುಗಿಸಿದೆ."

"ಸಾಹೇಬ್, ನಾನು ನಿಮಗೆ ಅಷ್ಟು ಸುಳ್ಳು ಹೇಳಿದೆ" ಎಂದೆ.

"ನೀನು ಏನು ಹೇಳುತ್ತೀಯೆಂದು ನೋಡಲಿಕ್ಕೇ ಕೇಳುತ್ತಿದ್ದೆ" ಎಂದರು. "ಒಂದು ದಿನವಾದರೂ ನಿಜ ಹೇಳಿಬಿಟ್ಟರೆ ಅವಳನ್ನು ಹಿಡಿದುಕೊಂಡು ಅಳಬಹುದಿತ್ತು. ನೀನು ಹೇಳಲಿಲ್ಲ. ಅವಳು ಬೇಡ ಅಂದಿದ್ದಳು, ನಿನ್ನ ತಪ್ಪೇನು?"

ಅವರೇ ಮುಂದುವರಿಸಿದರು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ಔಷಧದ ಮಂಪರಿನಲ್ಲಿ ಅಕ್ಕನಿಗೆ ಮರಾಠಿ, ಹಿಂದಿ ಎರಡೂ ಬಿಟ್ಟುಹೋದವಂತೆ. ಬರೀ ಕನ್ನಡ. ನರ್ಸುಗಳಿಗೆ ತಿಳಿಯದು. ಒಂದು ಶನಿವಾರ, "ದಿಂಬು ಸ್ವಲ್ಪ ಮ್ಯಾಲ ಮಾಡ್ರಿ" ಎಂದರಂತೆ ಯಾರಿಗೋ ಎಂಬಂತೆ. ಇವರು ಎದ್ದು ದಿಂಬು ಸರಿಮಾಡಿ, "ಇಷ್ಟ ಸಾಕೇನ?" ಎಂದು ಕೇಳಿಬಿಟ್ಟರಂತೆ, ಕನ್ನಡದಲ್ಲೇ. ಅಕ್ಕ ಕಣ್ಣು ಬಿಟ್ಟು ನೋಡಿದರಂತೆ.

"ಯಾವಾಗಿಂದ ಅಂದ್ಲು. ಮದಿವಿ ಆಗಿ ಎರಡ ವರ್ಷದಿಂದ ಅಂದೆ." ಸಾಹೇಬರು ಮತ್ತೆ ಕನ್ನಡಕ್ಕೇ ಬಂದಿದ್ದರು. "ಅತ್ಲು. ಬಾಳ ಅತ್ಲು. ಆಮ್ಯಾಲ ಸಂಜಿ ತನಕ ನನಗ ಬೈದ್ಲು. ಕಳ್ಳ ಅಂದ್ಲು. ಕದ್ದ ಕೇಳ್ದಿ, ನಾಚಿಕಿ ಇಲ್ಲ ನಿನಗ ಅಂದ್ಲು. ಎಷ್ಟ ಚಂದ ಬೈತಾಳ ಗೊತ್ತದ ಏನ? ನನ್ನ ಕೈ ಹಿಡ್ಕೊಂಡೇ ಬೈದ್ಲು. ಸೋಮವಾರ ಹೋದ್ಲು."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಹತ್ತಿರ ಹೋಗಿ ಕೂತೆ.

"ಇನ್ನಾ ಬೈಬೇಕಿತ್ತು ಅಕಿ" ಎಂದರು. "ಎರಡೇ ದಿನ ಆತು."