ಮಗ್ಗದ ಕೋಣೆಗೊಂದು ಅಗಲ ಕಣ್ಣು

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ಇದನ್ನು ಬರೆಯಲೇಬೇಕು. ನಾನು ಹೇಳಿದ್ದನ್ನೇ ಹೇಳಿ, ಈಗ ಓಣಿಯವರೆಲ್ಲ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಾರೆ. ಹೊಟ್ಟೆಯೊಳಗಿನ ಸಂತೋಷ ಮಾತ್ರ ಇನ್ನೂ ಖಾಲಿಯಾಗಿಲ್ಲ.

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಕೋಣೆ ಎಂದರೆ ಬರೀ ಮಗ್ಗವೇ. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಬಿಟ್ಟು ನಾನು ಸೀರೆ ನೇಯುತ್ತೇನೆ. ಪಕ್ಕದ ಗೋಡೆಗೆ ಒರಗಿ ನನ್ನಾಕೆ ರಾಟೆ ತಿರುಗಿಸಿ ನೂಲು ಸುತ್ತುತ್ತಾಳೆ. ಉಳಿದ ಜಾಗದಲ್ಲಿ ಒಬ್ಬರು ನಿಲ್ಲಬಹುದು, ಅಷ್ಟೆ.

ಮೊಮ್ಮಗಳು ಗದಗದಲ್ಲಿ ಕಾಲೇಜು ಓದುತ್ತಾಳೆ. ಗುಜರಿಯಲ್ಲಿ ಸಿಕ್ಕ ಹಳೆಯ ಕ್ಯಾಮೆರಾ ತಂದು, ಬಿಚ್ಚಿ ಜೋಡಿಸಿ, ಜೀವ ಬರಿಸಿದ್ದಳು. ಅಗಲ ಫಿಲ್ಮಿನದು. ಮುಂದೆ ಮೇಲೊಂದು ಕೆಳಗೊಂದು ಗಾಜು: ಮೇಲಿನದರಲ್ಲಿ ನಾವು ನೋಡುವುದು, ಕೆಳಗಿನದು ಚಿತ್ರ ಹಿಡಿಯುವುದು. ಕೆಲಸದಲ್ಲಿದ್ದಾಗ ನಮ್ಮಿಬ್ಬರನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂಬುದು ಅವಳ ಹಟ. ಅಂಥ ಫೋಟೊ ನಮ್ಮದೊಂದೂ ಇರಲಿಲ್ಲ. ಅವಳ ಬೆನ್ನು ಗೋಡೆಗೆ ಹತ್ತಿದರೂ ಒಂದೋ ನಾನು ಬರುತ್ತಿದ್ದೆ, ಇಲ್ಲವೇ ಆಕೆ.

“ಮೊಬೈಲ್‌ನ್ಯಾಗ ಇಬ್ಬರೂ ಬರತೇವಲ್ಲ, ತಗದ ಬಿಡ,” ಎಂದಳು ನನ್ನಾಕೆ.

“ಮೊಬೈಲ್ ಫೋಟೊ ಯಾರ ನೋಡ್ತಾರಬೇ ಆಯಿ? ಇದನ್ನ ಗ್ವಾಡಿಗೆ ಹಾಕಬೇಕು,” ಎಂದು ಮೊಮ್ಮಗಳು ಅಜ್ಜಿಯ ಬಾಯಿ ಮುಚ್ಚಿಸಿದಳು.

“ಹಂಗಾದ್ರ ಅದ ಗ್ವಾಡಿ ಒಡದು ಹಿಂದ ಸರಿ.”

ಅಗಲ ನೋಟದ ಲೆನ್ಸ್ ಬೇಕಿತ್ತು. ಈ ಕ್ಯಾಮೆರಾಕ್ಕೆ ಮೇಲಿನ ಕೆಳಗಿನ ಗಾಜೆರಡೂ ಕೂಡಿಯೇ ಒಂದು ಲೆನ್ಸ್, ಬಿಚ್ಚಿ ಬೇರೆಯದು ಕೂರಿಸಬಹುದು. ಅವಳ ಬಳಿ ಇದ್ದದ್ದು ಎಂಬತ್ತು ಎಂ.ಎಂ.ನದು. ಅಂಕಿ ಸಣ್ಣದಾದಷ್ಟು ನೋಟ ಅಗಲವಂತೆ. ಆನ್‌ಲೈನಿನಲ್ಲಿ ಬೆಲೆ ನೋಡಿ ಅವಳೇ ಫೋನು ಕೆಳಗಿಟ್ಟಳು. ಸೀರೆ ಕೊಡಲು ಊರೂರು ತಿರುಗಿದ ಕಾಲು ನನ್ನದು. ಹಳೆಯ ಸ್ಟುಡಿಯೊಗಳನ್ನು ಹುಡುಕೋಣ ನಡೆ ಎಂದೆ.

ಲಕ್ಷ್ಮೇಶ್ವರದಲ್ಲಿ ಸಿಕ್ಕದ್ದು ಬೇರೆ ಕಂಪನಿಯದು, ಕ್ಯಾಮೆರಾದ ಬಾಯಿಗೆ ಕೂರಲಿಲ್ಲ. ಶಿರಹಟ್ಟಿಯದು ಕೂತಿತು, ಆದರೆ ನೂರಾ ಮೂವತ್ತೈದರದು. “ಇದರಾಗ ನಿನ್ನ ಮೂಗಷ್ಟ ಬರತೈತಿ ಅಜ್ಜಾ,” ಎಂದು ನಕ್ಕಳು.

ಮೂರನೆಯ ಸಲ ಡಂಬಳದ ಮೇಲೆ ಹಾಯ್ದು ಮುಂಡರಗಿಗೆ ಹೋದೆವು. ಅಲ್ಲಿ ಸ್ಟುಡಿಯೊ ಹೋಗಿ ಝೆರಾಕ್ಸ್ ಅಂಗಡಿಯಾಗಿತ್ತು. ಫೋಟೊ ತೆಗೆಯುತ್ತಿದ್ದ ಹಿರಿಯರು ತೀರಿಕೊಂಡು, ಸೊಸೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಆಕೆ ತೆಗೆದುಕೊಟ್ಟ ಡಬ್ಬಿಯೊಳಗಿನ ಲೆನ್ಸಿನ ಅಂಕಿಯನ್ನು ಮೊಮ್ಮಗಳು ಎರಡೆರಡು ಸಲ ಓದಿದಳು: ಐವತ್ತೈದು. ಆಮೇಲೆ ಗಾಜು ನೋಡಿದಳು, ಮುಖ ಬಾಡಿತು. ಎರಡೂ ಗಾಜಿಗೆ ಬೆಳ್ಳನೆಯ ಮುಸುಕು.

“ಬೂಸ್ಟ್ ಹಿಡದೈತಿ ಅಜ್ಜಾ. ಗಾಜನ್ನ ತಿಂತೈತಿ ಇದು. ಬ್ಯಾಡ ಬಿಡು.”

“ಮದಲ ಬಂದವರೂ ಹಿಂಗ ಅಂದು ಹ್ವಾದ್ರು,” ಎಂದಳು ಸೊಸೆ. “ಐನೂರು ಕೊಡ್ರಿ, ಒಯ್ಯಿರಿ.”

ನಾನು ಕನ್ನಡಕ ಏರಿಸಿ ನೋಡಿದೆ. ಮೇಲಿನ ಗಾಜಿಗೆ ಮೂರು ಅಡ್ಡಗೆರೆ, ಕೆಳಗಿನದಕ್ಕೂ ಮೂರು. ಬೂಸ್ಟು ಎಲ್ಲಾದರೂ ಬೆರಳಿನಿಂದ ಎಳೆದ ಹಾಗೆ ಬೆಳೆಯುತ್ತದೆಯೇ? ಪ್ರತಿ ಮಹಾನವಮಿಗೆ ನನ್ನ ಲಾಳಿಗೆ ನಾನೇ ಎಳೆಯುವ ವಿಭೂತಿಯ ಗೆರೆ ಅದು. ಸುಮ್ಮನೆ ಐನೂರು ಕೊಟ್ಟು ಒಯ್ಯಬಹುದಿತ್ತು. ಮನಸ್ಸು ಒಂದು ಗಳಿಗೆ ಹಾಗೆಯೇ ಅಂದಿತು, ಸುಳ್ಳೇಕೆ ಹೇಳಲಿ.

“ಇದು ಬೂಸ್ಟಲ್ಲ ತಂಗಿ, ಇಬತ್ತಿ. ನಿಮ್ಮ ಮಾವನೋರು ಪೂಜಿ ಮಾಡ್ಯಾರ. ಗಾಜು ಚಲೋ ಇರಬೇಕು. ಈಗ ಹೇಳು, ಎಷ್ಟಕ್ಕ ಕೊಡ್ತಿ?”

ಮೊಮ್ಮಗಳು ನನ್ನ ಕಾಲು ತುಳಿದಳು.

ಸೊಸೆ ಲೆನ್ಸನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು. “ಕ್ಯಾಮೆರಾಕ್ಕ ಹಚ್ಚತಿದ್ದದ್ದು ಗೊತ್ತಿತ್ತು. ಅದರ ಕಣ್ಣಿಗೂ ಹಚ್ಚ್ಯಾರಲ್ಲ,” ಎಂದು ನಕ್ಕಳು. “ಅದ ರೇಟಿಗೆ ಒಯ್ಯಿರಿ ಕಾಕಾ. ಫೋಟೊ ಬಂದಮ್ಯಾಲೆ ನನಗೊಂದ ಕೊಡ್ರಿ.”

ನಾನು ಧೋತರದ ಚುಂಗಿನಿಂದ ಒರೆಸಹೋದೆ. ಮೊಮ್ಮಗಳು ಕೈ ಹಿಡಿದಳು. “ತಿಕ್ಕಬ್ಯಾಡ, ಗೀರು ಬೀಳತಾವು.” ಮೊದಲು ಗಾಳಿ ಊದಿದಳು, ಹಸಿ ಹತ್ತಿಯಿಂದ ಮುಟ್ಟಿ ಮುಟ್ಟಿ ಉಳಿದದ್ದನ್ನು ತೆಗೆದಳು. ಮೊಬೈಲಿನ ಬೆಳಕು ಗಾಜಿನೊಳಗಿಂದ ಆರಪಾರು ಹಾಯಿತು. ಬಸ್ಸಿನಲ್ಲಿ ಅವಳು ಡಬ್ಬಿಯನ್ನು ಎದೆಗೆ ಹಿಡಿದೇ ಬಂದಳು. ನನ್ನ ಬಾಯಿ ನಿಲ್ಲಲಿಲ್ಲ, ಕಂಡಕ್ಟರನಿಗೂ ಹೇಳಿದೆ.

ಫೋಟೊ ಬಂದಿದೆ. ನಾನಿದ್ದೇನೆ, ಆಕೆ ಇದ್ದಾಳೆ, ನಡುವೆ ಮಗ್ಗ. ಮುಂಡರಗಿಗೂ ಒಂದು ಮುಟ್ಟಿಸಿ ಬಂದೆವು. ನನ್ನಾಕೆ ಅದನ್ನು ಕಿಟಕಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು.

“ನಾವು ಇಷ್ಟ ದೂರ ಕುಂಡ್ರತೇವೇನ್ರಿ?”

“ಅಗಲ ಲೆನ್ಸಿನ್ಯಾಗ ಹಂಗ ಕಾಣತೈತಿ ಆಯಿ,” ಎಂದಳು ಮೊಮ್ಮಗಳು.

ಆಕೆ ನಂಬಿದಳೋ ಇಲ್ಲವೋ. ಮರುದಿನ ಮಗ್ಗಕ್ಕೆ ಇಳಿದಾಗ ರಾಟೆ ಒಂದು ಗೇಣು ನನ್ನ ಕಡೆ ಸರಿದಿತ್ತು.